ಹೆಸರು ಕೇಳದ ಕೂಟವೋ, ಊರಿಗೆಲ್ಲ ಗೊತ್ತಿರುವ ಸಮಿತಿಯೋ? ಕುಡಿತ ಬಿಟ್ಟವರು ಜೊತೆ ಹುಡುಕುವ ಬಗೆ

ನಮ್ಮ ಮನೆತನದಲ್ಲಿ ಕುಡಿತ ಬಿಟ್ಟವರು ಇಬ್ಬರಿದ್ದೇವೆ. ಹಾಸನದ ಕಡೆಯ ಹಳ್ಳಿಯಲ್ಲಿರುವ ಚಿಕ್ಕಪ್ಪ, ಬೆಂಗಳೂರಿನಲ್ಲಿರುವ ನಾನು. ಚಿಕ್ಕಪ್ಪ ಬಿಟ್ಟದ್ದು ಊರ ಪಕ್ಕದ ಕಲ್ಯಾಣ ಮಂಟಪದಲ್ಲಿ ನಡೆದ ಮದ್ಯವರ್ಜನ ಶಿಬಿರದಲ್ಲಿ, ನೆಂಟರಿಷ್ಟರೆಲ್ಲ ನೋಡುತ್ತಿರುವಾಗ. ನಾನು ಬಿಟ್ಟದ್ದು ಒಂದು ಶಾಲೆಯ ಹಿಂಬದಿಯ ಕೋಣೆಯಲ್ಲಿ, ನನ್ನ ಪೂರ್ತಿ ಹೆಸರೂ ಗೊತ್ತಿಲ್ಲದ ಹದಿನೈದು ಜನರ ನಡುವೆ. ಹಬ್ಬಕ್ಕೆ ಊರಿಗೆ ಹೋದಾಗ ಇಬ್ಬರೂ ಜಗುಲಿಯಲ್ಲಿ ಕೂತು ಯಾರ ದಾರಿ ಒಳ್ಳೆಯದು ಅಂತ ವಾದಕ್ಕೆ ಬೀಳುತ್ತೇವೆ. ಅದೇ ಜಗುಲಿಯಲ್ಲಿ ಒಂದು ಕಾಲದಲ್ಲಿ, ಯಾವ ಬ್ರ್ಯಾಂಡ್ ಕುಡಿದರೆ ಬೆಳಿಗ್ಗೆ ತಲೆನೋವು ಕಡಿಮೆ ಅಂತ ವಾದ ಮಾಡುತ್ತಿದ್ದೆವು.

ಕುಡಿತ ಬಿಡಿಸುವ ಜಾಗ ಯಾವುದು ಅಂತ ಕೇಳುವವರು ಬಹಳ. ಬಿಟ್ಟ ಮೇಲೆ ಸಂಜೆ ಏಳು ಗಂಟೆಗೆ ಎಲ್ಲಿಗೆ ಹೋಗುವುದು ಅಂತ ಕೇಳುವವರು ಕಡಿಮೆ. ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಎದ್ದುಬಂದವನ ಮೈ ಶುದ್ಧವಾಗಿರುತ್ತದೆ, ಸಂಜೆ ಮಾತ್ರ ಖಾಲಿ ಇರುತ್ತದೆ. ಕುಡಿಯುವವನ ಗೆಳೆಯರೆಲ್ಲ ಕುಡಿಯುವವರೇ. ಅವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಅನ್ನುವುದು ಬಿಟ್ಟ ಮೇಲೆಯೇ ತಿಳಿಯುವುದು. ಆ ಖಾಲಿ ಸಂಜೆಗೆ ನಮ್ಮಲ್ಲಿ ಏನೇನಿದೆ, ಯಾರಿಗೆ ಯಾವುದು ಹೊಂದುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರೇ ದೇಶದಲ್ಲಿ ಸುಮಾರು 2.9 ಕೋಟಿ ಅಂತ ಅದರ ಲೆಕ್ಕ. ಇಂಥವರಲ್ಲಿ 38 ಜನಕ್ಕೆ ಒಬ್ಬರು ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಅಥವಾ ನೆರವು ಸಿಕ್ಕಿತು ಅಂದಿದ್ದರು. ಉಳಿದ 37 ಜನ ಏನು ಮಾಡುತ್ತಿದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು. "ನಾಳೆಯಿಂದ ಬಿಡ್ತೀನಿ" ಅನ್ನುತ್ತಿದ್ದಾರೆ.

ಕೂಟಕ್ಕೆ ಮೊದಲು ಡಾಕ್ಟರು

ಇದೊಂದು ಮಾತ್ರ ಹೋಲಿಕೆಗೆ ಬರುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ದಿನಾ ಕುಡಿಯುವವರು, ಬೆಳಿಗ್ಗೆ ಎದ್ದರೆ ಕೈ ನಡುಗುವವರು, ನಡುಕ ನಿಲ್ಲಿಸಲಿಕ್ಕೇ ಒಂದು ಪೆಗ್ ಹಾಕುವವರು ಯಾವ ಗುಂಪನ್ನೂ ನಂಬಿ ಏಕಾಏಕಿ ನಿಲ್ಲಿಸಬಾರದು. ನಿಲ್ಲಿಸಿದ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತು, ಮೈಯೆಲ್ಲ ಬೆವರು. ಊರಲ್ಲಿ ಇದನ್ನು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ. ಇದು ಪ್ರಾಣಕ್ಕೇ ಎರವಾಗುವ ಸ್ಥಿತಿ, ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಸಂಭಾಳಿಸಬೇಕಾದದ್ದು. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರಿಸಿಕೊಂಡು ಬಂದರೆ ಸಾಲದು. ಬಹಳ ವರ್ಷ ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ಡಾಕ್ಟರು ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕು ಅಂತೇನಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಹಲವು ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅದೂ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಕೇಂದ್ರ ಸರಕಾರದ ಇನ್ನೊಂದು ಸಹಾಯವಾಣಿ ಇದೆ, 14446.

ಮೈಯ ನಡುಕ ನಿಂತ ಮೇಲೆ ಜೊತೆ ಹುಡುಕುವ ಕೆಲಸ.

ಹೆಸರು ಕೇಳದ ಕೂಟ

ಆಲ್ಕೋಹಾಲಿಕ್ಸ್ ಅನಾನಿಮಸ್, ನಮ್ಮ ಬಾಯಲ್ಲಿ ಎ.ಎ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಭೇಟಿಯಾದದ್ದರಿಂದ ಶುರುವಾಯಿತು. ಒಬ್ಬ ಷೇರು ವ್ಯವಹಾರದವನು ಬಿಲ್ ವಿಲ್ಸನ್, ಇನ್ನೊಬ್ಬ ಶಸ್ತ್ರವೈದ್ಯ ಬಾಬ್ ಸ್ಮಿತ್. ವ್ಯಾಪಾರದ ಮೇಲೆ ಬೇರೆ ಊರಿಗೆ ಬಂದ ಬಿಲ್‌ಗೆ ಹೋಟೆಲಿನ ಬಾರ್ ಕಡೆ ಕಾಲು ಎಳೆಯಿತು. ಆಗ ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಬಚಾವಾಗಬಹುದು ಅಂತ ಹುಡುಕಿ ಹೋದ. ಎ.ಎ. ಅಂದರೆ ಇವತ್ತಿಗೂ ಇಷ್ಟೇ. ಉಪದೇಶ ಮಾಡುವ ಸ್ವಾಮೀಜಿ ಇಲ್ಲ, ಸಂಬಳದ ಡಾಕ್ಟರಿಲ್ಲ, ಒಬ್ಬ ಕುಡುಕ ಇನ್ನೊಬ್ಬ ಕುಡುಕನಿಗೆ ತನ್ನ ಕಥೆ ಹೇಳುತ್ತಾನೆ. 1950ರ ದಶಕದಲ್ಲಿ ಭಾರತಕ್ಕೂ ಬಂತು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಗುಂಪುಗಳು ನಡೆಯುತ್ತವೆ, ಮಂಗಳೂರು, ಮೈಸೂರಿನಲ್ಲೂ ಇವೆ.

ಸೇರಲು ಫಾರ್ಮ್ ಇಲ್ಲ, ಫೀಸ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಕುಡಿತ ನಿಲ್ಲಿಸಬೇಕು ಅನ್ನುವ ಆಸೆಯೊಂದಿದ್ದರೆ ಸಾಕು. ನಿಲ್ಲಿಸಿಯೇ ಇರಬೇಕು ಅಂತಲೂ ಇಲ್ಲ. ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ನಾನೊಬ್ಬ ಆಲ್ಕೋಹಾಲಿಕ್ ಅಂದು, ತಮ್ಮ ಮಾತು ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, "ನೀನು ಹೀಗೆ ಮಾಡಬೇಕಿತ್ತು" ಅನ್ನುವಂತಿಲ್ಲ. ಕೊನೆಗೆ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಹೋಗುತ್ತದೆ. ಹತ್ತೋ ಇಪ್ಪತ್ತೋ ಹಾಕಬಹುದು, ಸುಮ್ಮನೆ ಮುಂದಕ್ಕೂ ದಾಟಿಸಬಹುದು. ಹೊರಗಿನವರು ದೇಣಿಗೆ ಕೊಡುತ್ತೇವೆ ಅಂದರೂ ತೆಗೆದುಕೊಳ್ಳಬಾರದು ಅನ್ನುವುದು ಅವರ ನಿಯಮ. ಸಂಘ ಸಂಸ್ಥೆ ಅಂದರೆ ಮೊದಲು ರಸೀದಿ ಪುಸ್ತಕ ನೆನಪಾಗುವ ನಮ್ಮಂಥವರಿಗೆ ಇದನ್ನು ನಂಬುವುದೇ ಕಷ್ಟ.

ನಾನು ಮೊದಲ ಮೂರು ಸಲ ಗೇಟಿನವರೆಗೆ ಹೋಗಿ ಎದುರಿನ ಅಂಗಡಿಯಲ್ಲಿ ಟೀ ಕುಡಿದು ವಾಪಸ್ ಬಂದೆ. ನಾಲ್ಕನೇ ಸಲ ಟೀ ಅಂಗಡಿಯಲ್ಲಿ ಪಕ್ಕ ನಿಂತಿದ್ದವರೇ "ಒಳಗೂ ಟೀ ಇದೆ, ಬನ್ನಿ ಸಾರ್" ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ, "ನಾನು ಐದು ಸಲ ಇಲ್ಲಿ ಟೀ ಕುಡಿದಿದ್ದೆ" ಅಂದರು.

ಆ ಮೊದಲ ಮೀಟಿಂಗ್ ಇಂಗ್ಲಿಷಿನದು. ಆಫೀಸಿನಲ್ಲಿ ಮಾತಾಡುವ ಭಾಷೆ ತಾನೇ ಅಂತ ಹೋಗಿದ್ದೆ. ಎರಡು ತಿಂಗಳು ಕಳೆದರೂ ಏನೋ ನಾಟುತ್ತಿರಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಕನ್ನಡದ ಗುಂಪಿಗೆ ಹೋದೆ. ಅಲ್ಲಿ ಗೊತ್ತಾಯಿತು, ಇಂಗ್ಲಿಷಿನಲ್ಲಿ "ಫೈನಾನ್ಷಿಯಲ್ ಪ್ರಾಬ್ಲಮ್ಸ್" ಅಂದು ದಾಟಿಸಿದ್ದನ್ನು ಕನ್ನಡದಲ್ಲಿ "ಹೆಂಡತಿಯ ಸರ ಅಡ ಇಟ್ಟೆ" ಅಂತಲೇ ಹೇಳಬೇಕಾಗುತ್ತದೆ ಅಂತ. ಆ ದಿನ ಮಾತು ಅರ್ಧಕ್ಕೇ ನಿಂತಿತು. ಆದ್ದರಿಂದ ನನ್ನ ಸಲಹೆ: ಮನೆಯಲ್ಲಿ ಜಗಳವಾಡುವ ಭಾಷೆ ಯಾವುದೋ ಆ ಭಾಷೆಯ ಗುಂಪು ಹುಡುಕಿ. ಹತ್ತು ಕಿಲೋಮೀಟರ್ ದೂರವಾದರೂ ಚಿಂತೆಯಿಲ್ಲ.

ಎ.ಎ. ಬಗ್ಗೆ ಜನ ಕೇಳುವ ಎರಡು ಅನುಮಾನಗಳಿಗೆ ಹುರುಳಿದೆ. ಒಂದು, ದೇವರು. ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ "ಮೇಲಿನ ಶಕ್ತಿ"ಯ ಮಾತು ಪದೇ ಪದೇ ಬರುತ್ತದೆ, ಕೊನೆಗೆ ಪ್ರಾರ್ಥನೆಯೂ ಇದೆ. ಎಷ್ಟೋ ಗುಂಪುಗಳು ಚರ್ಚ್ ಆವರಣದಲ್ಲಿ ಕೋಣೆ ಹಿಡಿದಿರುವುದರಿಂದ "ಮತಾಂತರ ಮಾಡ್ತಾರಾ?" ಅಂತ ನನ್ನ ಅತ್ತೆಯೇ ಕೇಳಿದ್ದರು. ಇಲ್ಲ. ಜಾಗ ಸಿಕ್ಕಿತು ಅಂತ ಅಲ್ಲಿ ಕೂರುವುದು, ಅಷ್ಟೇ. ಮೇಲಿನ ಶಕ್ತಿ ಯಾವುದು ಅಂತ ಅವರವರೇ ನಿಶ್ಚಯಿಸಿಕೊಳ್ಳಬೇಕು. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಅದು ಮನೆದೇವರು, ಇನ್ನೊಬ್ಬರಿಗೆ ಅಲ್ಲಾ, ಮತ್ತೊಬ್ಬರಿಗೆ ಆ ಕೋಣೆಯಲ್ಲಿ ಕೂತ ಜನರೇ. ಆದರೂ ದೇವರ ಮಾತು ಬಂದರೆ ಮೈ ಉರಿಯುವವರಿಗೆ ಮೊದಲ ಕೆಲವು ವಾರ ಕಿರಿಕಿರಿಯಾಗುವುದು ನಿಜ.

ಎರಡನೆಯದು ಮಾತ್ರೆ. ಗುಂಪಿನಲ್ಲಿ ಯಾರಾದರೂ ಹಳಬರು "ಮಾತ್ರೆ ತಗೊಂಡರೆ ಅದು ಸೋಬರ್ ಅಲ್ಲ" ಅಂದಾರು. ಕೇಳಬೇಡಿ. ಸದಸ್ಯರು ಯಾರೂ ಡಾಕ್ಟರ್ ಆಗಬಾರದು ಅನ್ನುವುದು ಎ.ಎ.ಯದೇ ಮಾತು. ಮತ್ತೆ ಕುಡಿಯದಂತೆ ನೆರವಾಗಲು ಡಾಕ್ಟರು ಕೊಡುವ ಮಾತ್ರೆಗಳನ್ನು, ನಾಲ್ಟ್ರೆಕ್ಸೋನ್ ಆಗಲಿ ಅಕಾಂಪ್ರೋಸೇಟ್ ಆಗಲಿ, ಬರೆದುಕೊಟ್ಟವರನ್ನು ಕೇಳದೆ ನಿಲ್ಲಿಸುವಂತಿಲ್ಲ.

ಇದರಿಂದ ಉಪಯೋಗ ಇದೆಯೇ ಅಂದರೆ, 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿತು. ಎ.ಎ.ಗೆ ಕ್ರಮಬದ್ಧವಾಗಿ ಕೈಹಿಡಿದು ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿಯದೆ ಉಳಿದವರು ಬೇರೆ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಅಂತ ಕಂಡಿತು. ಇಲ್ಲಿ "ಕೈಹಿಡಿದು ಸೇರಿಸುವ" ಅನ್ನುವುದನ್ನು ಗಮನಿಸಿ. ವಿಳಾಸದ ಚೀಟಿ ಕೊಟ್ಟು ಕಳಿಸುವುದಕ್ಕೂ ಜೊತೆಯಲ್ಲಿ ಕರೆದುಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸ.

ಊರಿಗೆಲ್ಲ ಗೊತ್ತಿರುವ ಸಮಿತಿ

ಚಿಕ್ಕಪ್ಪನ ದಾರಿ ಇದಕ್ಕೆ ತದ್ವಿರುದ್ಧ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ, ಜೊತೆಗೆ ಸ್ಥಳೀಯರು ಸೇರಿ ಕಟ್ಟಿಕೊಂಡ ವ್ಯವಸ್ಥಾಪನಾ ಸಮಿತಿ, ಇವರೆಲ್ಲ ಸೇರಿ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ನಮ್ಮ ನಾಡಿನದೇ ಆದ ಬಗೆ. ಬ್ಯಾನರಿನಲ್ಲಿ ಇದು ಎಷ್ಟನೇ ಶಿಬಿರ ಅಂತ ಸಂಖ್ಯೆ ಹಾಕುತ್ತಾರೆ. ಅದು ಸಾವಿರ ದಾಟಿ ಎಷ್ಟೋ ವರ್ಷವಾಯಿತು.

ಎಂಟು ದಿನ ಅಲ್ಲೇ ಊಟ, ಅಲ್ಲೇ ನಿದ್ದೆ. ಬೆಳಿಗ್ಗೆ ಯೋಗ, ಭಜನೆ, ಆಮೇಲೆ ಉಪನ್ಯಾಸ, ಆಪ್ತ ಸಲಹೆ, ಆರೋಗ್ಯ ತಪಾಸಣೆ. ಮನೆಯವರನ್ನು ಒಂದು ದಿನ ಕರೆಸುತ್ತಾರೆ. ಚಿಕ್ಕಪ್ಪನ ಶಿಬಿರದಲ್ಲಿ ಆ ದಿನ ಚಿಕ್ಕಮ್ಮ ಹೋಗಿ ಎದುರು ಕೂತರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇಬ್ಬರೂ ಕೂಗಾಡದೆ ಮಾತಾಡಿದ್ದು ಅಂತ ಚಿಕ್ಕಮ್ಮ ಈಗಲೂ ಹೇಳುತ್ತಾರೆ, ಹೇಳುವಾಗ ಸ್ವಲ್ಪ ನಗುತ್ತಾರೆ ಕೂಡ.

ಆದರೆ ಶಿಬಿರಕ್ಕಿಂತ ಮುಖ್ಯವಾದದ್ದು ಅದರ ನಂತರದ ನವಜೀವನ ಸಮಿತಿ. ಶಿಬಿರ ಮುಗಿಸಿದವರೆಲ್ಲ ತಮ್ಮ ಊರಿನಲ್ಲೋ ಅಕ್ಕಪಕ್ಕದ ಊರಿನಲ್ಲೋ ಸೇರುತ್ತಾರೆ. ನೂರು ದಿನ ಕಳೆದಾಗ ಶತದಿನೋತ್ಸವ ಮಾಡುತ್ತಾರೆ. ಎ.ಎ.ಯಲ್ಲೂ ವರ್ಷ ತುಂಬಿದರೆ ಹುಟ್ಟುಹಬ್ಬ ಅಂತ ಚಪ್ಪಾಳೆ ತಟ್ಟುತ್ತಾರೆ, ಆದರೆ ಆ ಕೋಣೆಯೊಳಗೆ ಮಾತ್ರ. ಶತದಿನೋತ್ಸವಕ್ಕೆ ಹೆಂಡತಿ ಮಕ್ಕಳು ಬರುತ್ತಾರೆ, ಊರ ಹಿರಿಯರು ಬರುತ್ತಾರೆ, ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೋ ಬಂದರೂ ಬಂತು. ಎಲ್ಲರೂ ನೋಡಲಿ ಅಂತಲೇ ಮಾಡುವುದು. ನಿನ್ನೆಯವರೆಗೆ "ಆ ಕುಡುಕ" ಅನ್ನುತ್ತಿದ್ದ ಊರು ಇವತ್ತು "ಪಾನಮುಕ್ತರು" ಅಂತ ಹೆಸರಿಟ್ಟು ಕರೆಯಬೇಕು.

ಇದು ನಮ್ಮಲ್ಲಿ ಹೊಸದೇನಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ "ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ" ಅಂತ ಬೇಡಿದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಾಲ್ಕು ಜನರೆದುರು ಜೋಳಿಗೆಗೆ ಹಾಕಿದ್ದನ್ನು ಮತ್ತೆ ಕೈಹಾಕಿ ತೆಗೆಯುವುದು ಕಷ್ಟ, ಆ ಲೆಕ್ಕ.

ಹಳ್ಳಿಯಲ್ಲಿ ಇದು ಕೆಲಸ ಮಾಡುವುದಕ್ಕೆ ಕಾರಣವೂ ಇದೆ. ಅಲ್ಲಿ ಗುಟ್ಟು ಅನ್ನುವುದೇ ಇಲ್ಲ. ಚಿಕ್ಕಪ್ಪ ಎಷ್ಟು ಕುಡಿಯುತ್ತಾರೆ, ಎಲ್ಲಿ ಬಿದ್ದಿದ್ದರು ಅನ್ನುವುದು ಹಾಲಿನ ಡೇರಿಯ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಬಚ್ಚಿಡಲು ಏನೂ ಉಳಿದಿಲ್ಲದವರಿಗೆ ಅನಾಮಧೇಯ ಕೂಟ ಯಾಕೆ? ಎಂ.ಎಸ್.ಐ.ಎಲ್. ಅಂಗಡಿ ಕಡೆ ಹೆಜ್ಜೆ ಹಾಕಿದರೆ ಸಮಿತಿಯ ಯಾರಾದರೂ ಬೈಕ್ ನಿಲ್ಲಿಸಿ "ಎಲ್ಲಿಗಣ್ಣಾ?" ಅಂದೇ ಅನ್ನುತ್ತಾರೆ.

ಅದೇ ಇದರ ಕಷ್ಟವೂ. ಜಾರಿದರೆ ಊರೆದುರೇ ಜಾರಬೇಕು. ಚಿಕ್ಕಪ್ಪ ಏಳನೇ ತಿಂಗಳಲ್ಲಿ ಒಂದು ಮದುವೆ ಮನೆಯಲ್ಲಿ ಕುಡಿದರು. ಆಮೇಲೆ ನಾಚಿಕೆಗೆ ಎರಡು ತಿಂಗಳು ಸಮಿತಿಯ ಕಡೆ ತಲೆಹಾಕಲಿಲ್ಲ, ತಲೆಹಾಕಲಿಲ್ಲ ಅಂತ ಮತ್ತೂ ಕುಡಿದರು. ಕೊನೆಗೆ ಜೊತೆ ಶಿಬಿರಾರ್ಥಿಯೊಬ್ಬರು ಬೆಳಿಗ್ಗೆ ಕೊಟ್ಟಿಗೆಗೇ ಬಂದು, ಏನೂ ಕೇಳದೆ, ಸಗಣಿ ಬಾಚಲು ಕೈಹಾಕಿದರಂತೆ. ಅವತ್ತಿನಿಂದ ಮತ್ತೆ ಹೋಗತೊಡಗಿದರು. ಎ.ಎ.ಯಲ್ಲಿ ನಾನೂ ಒಮ್ಮೆ ಜಾರಿದ್ದೇನೆ. ಅಲ್ಲಿ "ಇವತ್ತು ನನ್ನ ಮೊದಲ ದಿನ" ಅಂತ ಮತ್ತೆ ಎದ್ದು ನಿಂತರೆ ಚಪ್ಪಾಳೆ ತಟ್ಟಿದರು, ಮುಗಿಯಿತು. ಆದರೆ ನಾನು ಹೋಗದೆ ಇದ್ದ ಆ ಮೂರು ವಾರ ಮನೆ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಬರಲು ಅವರಿಗೆ ಮನೆಯೇ ಗೊತ್ತಿರಲಿಲ್ಲ.

ಭಜನೆ, ಮಂಜುನಾಥ ಸ್ವಾಮಿಯ ಹೆಸರು ಶಿಬಿರದಲ್ಲಿ ಇದ್ದೇ ಇರುತ್ತದೆ. ಅದರಿಂದ ಬಲ ಬರುವವರಿಗೆ ಎ.ಎ.ಯ "ಮೇಲಿನ ಶಕ್ತಿ"ಗಿಂತ ಇದು ಹತ್ತಿರ. ಸೇರಬೇಕಾದರೆ ಊರಿನಲ್ಲಿರುವ ಧರ್ಮಸ್ಥಳ ಯೋಜನೆಯ ಸೇವಾಪ್ರತಿನಿಧಿಯನ್ನೋ ಆ ಯೋಜನೆಯದೇ ತಾಲ್ಲೂಕು ಕಚೇರಿಯನ್ನೋ ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ಹೇಳುತ್ತಾರೆ. ನಿಮ್ಮ ಸಕ್ಕರೆ ಕಾಯಿಲೆ, ಬಿ.ಪಿ., ಹಿಂದೆ ಬಂದ ಫಿಟ್ಸ್, ಎಲ್ಲವನ್ನೂ ಮೊದಲೇ ಹೇಳಿ. ದಿನಾ ಬಹಳ ಕುಡಿಯುವವರು ಡಾಕ್ಟರನ್ನು ಕಂಡೇ ಹೋಗಿ.

ಉಳಿದವು

ಆಸ್ಪತ್ರೆಯ ಗುಂಪುಗಳು: ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಿವೆ. ಇಲ್ಲಿ ಗುಂಪು ನಡೆಸುವವರು ಓದಿದವರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರು. ಕುಡಿತದ ಜೊತೆಗೆ ಖಿನ್ನತೆ, ನಿದ್ದೆ ಬಾರದಿರುವುದು, ಸಾಯುವ ಯೋಚನೆ ಇದ್ದರೆ ಬೇರೆ ಯಾವುದಕ್ಕೂ ಮೊದಲು ಇದು. ಸಾಯುವ ಯೋಚನೆ ಇದ್ದವರನ್ನು ಎ.ಎ. ಕೋಣೆಗೆ ಕಳಿಸಿ ಕೈತೊಳೆದುಕೊಳ್ಳಬಾರದು. ಕೊರತೆ ಏನೆಂದರೆ, ಅಡ್ಮಿಟ್ ಆಗಿರುವಾಗ ಗುಂಪು ಇರುತ್ತದೆ, ಡಿಸ್ಚಾರ್ಜ್ ಆದ ಮೇಲೆ ತಿಂಗಳಿಗೊಮ್ಮೆಯ ಒ.ಪಿ.ಡಿ. ಚೀಟಿ ಉಳಿಯುತ್ತದೆ. ತಲಬು ತಿಂಗಳಿಗೊಮ್ಮೆ ಬರುವುದಿಲ್ಲ. ಹಾಗಾಗಿ ಮಾತ್ರೆಗೆ ಆಸ್ಪತ್ರೆ, ಸಂಜೆಗೆ ಇನ್ನೊಂದು ಗುಂಪು ಅಂತ ಎರಡನ್ನೂ ಹಿಡಿದವರು ನೆಲೆ ನಿಂತದ್ದನ್ನು ನಾನು ಹೆಚ್ಚು ನೋಡಿದ್ದೇನೆ.

ಆನ್‌ಲೈನ್ ಮೀಟಿಂಗ್: ಕೊರೋನಾ ಕಾಲದಲ್ಲಿ ಝೂಮ್‌ಗೆ ಹೋದ ಎಷ್ಟೋ ಎ.ಎ. ಗುಂಪುಗಳು ಅಲ್ಲೂ ಉಳಿದುಕೊಂಡಿವೆ. ನೈಟ್ ಶಿಫ್ಟ್‌ನವರಿಗೆ, ಕನ್ನಡ ಗುಂಪಿಲ್ಲದ ಊರಿನಲ್ಲಿ ಇರುವವರಿಗೆ, ವಿದೇಶದಲ್ಲಿ ಕೂತು ಕನ್ನಡದಲ್ಲಿ ಅಳಬೇಕು ಅನಿಸುವವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರಿಗೆ ಇದು ವರ. ಗಂಡಸು ಕುಡಿದರೆ ಚಟ, ಹೆಂಗಸು ಕುಡಿದರೆ ನಡತೆ ಅನ್ನುವ ಸಮಾಜ ನಮ್ಮದು. ಮೂವತ್ತು ಗಂಡಸರಿರುವ ಕೋಣೆಗೆ ಒಬ್ಬಳೇ ಹೋಗಲಾರದವರಿಗೆ ಹೆಂಗಸರದ್ದೇ ಮೀಟಿಂಗ್‌ಗಳು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ಕ್ಯಾಮೆರಾ ಆಫ್ ಮಾಡಿಕೊಂಡು ಗ್ಲಾಸ್ ಕೈಯಲ್ಲಿ ಹಿಡಿದೇ ಮೀಟಿಂಗ್ ಕೇಳಿದವರನ್ನು ಬಲ್ಲೆ. ಒಬ್ಬರನ್ನಂತೂ ಬಹಳ ಹತ್ತಿರದಿಂದ ಬಲ್ಲೆ.

ದೇವರು ಬೇಡ, ಮೆಟ್ಟಿಲು ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಇದೆ, 1994ರಿಂದ ನಡೆಯುತ್ತಿದೆ. ಆಸೆ ಬಂದಾಗ ಏನು ಮಾಡಬೇಕು, ಯೋಚನೆಯನ್ನು ಹೇಗೆ ತಿರುಗಿಸಬೇಕು ಅನ್ನುವ ಅಭ್ಯಾಸಗಳು ಅದರ ತಿರುಳು. ನಾನು ಆಲ್ಕೋಹಾಲಿಕ್ ಅಂತ ಹೇಳಿಕೊಳ್ಳಬೇಕಾಗಿಯೂ ಇಲ್ಲ. ನಾನು ಸೇರಿದ್ದೆಲ್ಲ ಆನ್‌ಲೈನ್, ಇಂಗ್ಲಿಷಿನದು. ಓದು ಬರಹ ಚೆನ್ನಾಗಿದ್ದು ಲೆಕ್ಕ ಹಾಕಿ ಬದುಕುವ ಸ್ವಭಾವದವರಿಗೆ ಹಿಡಿಸೀತು.

ಇನ್ನು ಖಾಸಗಿ ಡಿ-ಅಡಿಕ್ಷನ್ ಸೆಂಟರುಗಳು. ಇವು ಸಪೋರ್ಟ್ ಗ್ರೂಪ್ ಅಲ್ಲ, ಆದರೆ ಮನೆಯವರು ಬೇಸತ್ತಾಗ ಮೊದಲು ಫೋನ್ ಹೋಗುವುದು ಇಲ್ಲಿಗೇ. ಒಳ್ಳೆಯವೂ ಇವೆ. ಆದರೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರನ್ನು ರಾತ್ರಿ ಹನ್ನೊಂದಕ್ಕೆ ನಾಲ್ಕು ಜನ ಬಂದು ಎತ್ತಿ ಗಾಡಿಗೆ ಹಾಕಿಕೊಂಡು ಹೋದರು. ಮೂರು ತಿಂಗಳು ಫೋನ್ ಕೊಡಲಿಲ್ಲ, ಹೊಡೆದರು. ಹೊರಬಂದ ದಿನವೇ ಅವರು ನೇರ ಬಾರಿಗೆ ಹೋದರು, ಹೆಂಡತಿಯ ಮೇಲಿನ ಸಿಟ್ಟಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯವ್ಯಸನವೂ ಸೇರಿದೆ. ಅದರ ಪ್ರಕಾರ ಇಂಥ ಚಿಕಿತ್ಸಾ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ಯಾವ ದಿನ ಬರುತ್ತಾರೆ ಹೇಳಿ, ಒಳಗೆ ಬಂದು ನೋಡಬಹುದೇ ಅಂತ ಕೇಳಿ. "ಗಾಡಿ ಕಳಿಸ್ತೀವಿ, ನೀವು ದುಡ್ಡು ಹಾಕಿ ಸಾಕು" ಅನ್ನುವವರ ಫೋನ್ ಅಲ್ಲಿಗೇ ಇಟ್ಟುಬಿಡಿ.

ಹಾಗೆಯೇ ಕಾಂಪೌಂಡ್ ಗೋಡೆ ಮೇಲೆ ಬರೆದಿರುವ, "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅನ್ನುವ ಪುಡಿಗಳು. ಸಾರಿಗೆ ಬೆರೆಸುವ ಪುಡಿಯಲ್ಲಿ ಡೈಸಲ್ಫಿರಾಮ್, ಅಂದರೆ ಮದ್ಯದ ಜೊತೆ ಸೇರಿದರೆ ಮೈಗೆ ಆಗದ ಔಷಧಿ, ಇದ್ದು, ಗೊತ್ತಿಲ್ಲದೆ ಅವರು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಅದೇ ಮಾತ್ರೆ, ತೆಗೆದುಕೊಳ್ಳುವವನಿಗೆ ಗೊತ್ತಿದ್ದು, ಡಾಕ್ಟರ ಕಣ್ಗಾವಲಿನಲ್ಲಿ ಆದರೆ ಔಷಧಿ.

ಮನೆಯವರ ಪಾಡು

ನನ್ನ ಹೆಂಡತಿ ನನಗಿಂತ ಆರು ತಿಂಗಳು ಮೊದಲೇ ಗುಂಪು ಸೇರಿದ್ದಳು. ಅಲ್-ಅನಾನ್, ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಗಂಡನ ಕುಡಿತ ಬಿಡಿಸುವ ಉಪಾಯ ಹೇಳಿಕೊಡುತ್ತಾರೆ ಅಂತ ಹೋದವಳಿಗೆ ಅಲ್ಲಿ ಯಾರೂ ಅದನ್ನು ಹೇಳಿಕೊಡಲಿಲ್ಲ. ಒಂದು ದಿನ ಅವಳು ನನ್ನ ಆಫೀಸಿಗೆ "ಅವರಿಗೆ ಜ್ವರ" ಅಂತ ಫೋನ್ ಮಾಡುವುದನ್ನು ನಿಲ್ಲಿಸಿದಳು. ಜಗಳವಾಡಲಿಲ್ಲ, ಸುಮ್ಮನೆ ನಿಲ್ಲಿಸಿದಳು, ಅಷ್ಟೇ. ನಾನೇ ಫೋನ್ ಮಾಡಬೇಕಾಗಿ ಬಂತು. ನಾಲಿಗೆ ತೊದಲಿತು, ಮ್ಯಾನೇಜರಿಗೆ ಗೊತ್ತಾಯಿತು. ಎ.ಎ. ಗೇಟಿನ ಹತ್ತಿರ ಮೊದಲ ಟೀ ಕುಡಿದದ್ದು ಅದೇ ವಾರ.

ಅಲ್-ಅನಾನ್ ಇಲ್ಲದ ಊರಿನಲ್ಲಿ ಸ್ತ್ರೀಶಕ್ತಿ ಸಂಘವೋ ಸ್ವಸಹಾಯ ಸಂಘವೋ ಇದ್ದೇ ಇರುತ್ತದೆ. ಅದು ಇದಕ್ಕಾಗಿ ಇರುವುದಲ್ಲ. ಆದರೂ ಸಾಲದ ಕಂತು ಕಟ್ಟಿದ ಮೇಲೆ ಉಳಿಯುವ ಹತ್ತು ನಿಮಿಷದಲ್ಲಿ ಚಿಕ್ಕಮ್ಮ ಆಡಿಕೊಂಡ ಮಾತುಗಳೇ ಶಿಬಿರದ ಅರ್ಜಿಯವರೆಗೆ ಬಂದದ್ದು. ಮನೆಯಲ್ಲಿ ಹೊಡೆತ ಇದ್ದರೆ ಮಾತ್ರ ಯಾವ ಗುಂಪಿಗೂ ಕಾಯಬೇಡಿ, 181 ಮಹಿಳಾ ಸಹಾಯವಾಣಿ, ತುರ್ತಾದರೆ 112.

ಹಾಗಾದರೆ ಯಾವುದು?

ನಿಮ್ಮ ಕುಡಿತ ಊರಿಗೆಲ್ಲ ಗೊತ್ತಿದೆಯೇ, ಇಲ್ಲವೇ? ನಾನಾದರೆ ಮೊದಲು ಇದನ್ನೇ ಕೇಳುತ್ತೇನೆ. ಗೊತ್ತಿದ್ದರೆ, ನೀವು ಅದೇ ಊರಿನಲ್ಲಿ ಬಾಳಬೇಕಿದ್ದರೆ, ಶಿಬಿರ ಮತ್ತು ಸಮಿತಿ. ಹೋದ ಮರ್ಯಾದೆಯನ್ನು ಹೋದ ಜಾಗದಲ್ಲೇ ಸಂಪಾದಿಸಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ, ಗೊತ್ತಾದರೆ ಕೆಲಸಕ್ಕೋ ಮಗಳ ಮದುವೆಗೋ ಕುತ್ತು ಅನ್ನುವ ಭಯವಿದ್ದರೆ, ಎ.ಎ. ಕೂಟ. ಸಮಿತಿಯಿಲ್ಲದ ಶಿಬಿರ ಮಾತ್ರ ಯಾರಿಗೂ ಹೇಳಲಾರೆ. ಎಂಟು ದಿನ ಕಳೆದು ಬಂದು ಒಂಬತ್ತನೇ ದಿನ ಒಬ್ಬನೇ ಕೂತರೆ ಹಳೆಯ ಗೆಳೆಯರೇ ಹುಡುಕಿಕೊಂಡು ಬರುತ್ತಾರೆ.

ಇನ್ನೊಂದು ನೋಡಬೇಕಾದ್ದು ದಾರಿ. ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿ ನಿಮ್ಮ ಮಾಮೂಲಿ ಬಾರ್ ಇರುತ್ತದಲ್ಲ, ಗುಂಪು ಅದಕ್ಕಿಂತ ಮೊದಲು ಸಿಗಬೇಕು. ಬಾರ್ ದಾಟಿ ಮೀಟಿಂಗ್‌ಗೆ ಹೋಗುವ ಶಕ್ತಿ ಮೊದಲ ತಿಂಗಳಲ್ಲಿ ಯಾರಿಗೂ ಇರುವುದಿಲ್ಲ. ಭಾಷೆಗಾಗಿ ಹತ್ತು ಕಿಲೋಮೀಟರ್ ಹೋಗಿ ಅಂತ ಮೇಲೆ ಹೇಳಿದವನೇ ಈಗ ಹೀಗನ್ನುತ್ತಿದ್ದಾನೆ ಅನಿಸಬಹುದು. ಮೊದಲ ತಿಂಗಳು ಹತ್ತಿರದ್ದು, ಆಮೇಲೆ ನಿಮ್ಮದು.

ಮೊದಲ ದಿನ ಮಾತಾಡಲೇಬೇಕು ಅಂತಿಲ್ಲ. "ಇವತ್ತು ಕೇಳಲಿಕ್ಕೆ ಬಂದಿದ್ದೇನೆ" ಅಂದರೆ ಸಾಕು. ಹಿಂದಿನ ಕುರ್ಚಿಯಲ್ಲಿ ಕೂರಿ. ಮನೆಯವರನ್ನು ಜೊತೆಗೆ ಕರೆದೊಯ್ಯಬೇಕಾದರೆ ಅದು ಓಪನ್ ಮೀಟಿಂಗ್ ಹೌದೋ ಅಂತ ಮೊದಲೇ ಕೇಳಿ, ಕ್ಲೋಸ್ಡ್ ಮೀಟಿಂಗ್‌ಗೆ ಕುಡಿತದ ತೊಂದರೆ ಇರುವವರಿಗೆ ಮಾತ್ರ ಪ್ರವೇಶ. ಎದ್ದು ಹೊರಡುವ ಮುನ್ನ ಒಬ್ಬರ, ಒಬ್ಬರದಾದರೂ, ಫೋನ್ ನಂಬರ್ ತೆಗೆದುಕೊಳ್ಳಿ. ಗುಂಪು ಹಿಡಿಸಲಿಲ್ಲ ಅಂತ ತೀರ್ಮಾನಿಸುವುದಕ್ಕೆ ಆರು ಸಲವಾದರೂ ಹೋಗಿರಬೇಕು ಅನ್ನುವುದು ನನ್ನ ಲೆಕ್ಕ. ಮೊದಲ ಬಿಯರ್ ಕಹಿ ಅಂತ ನಾವೇನೂ ಬಿಟ್ಟಿರಲಿಲ್ಲವಲ್ಲ. ಆದರೆ ಯಾರಾದರೂ ಸಾಲ ಕೇಳಿದರೆ, ಚೀಟಿಗೆ ಸೇರಿ ಅಂದರೆ, ಹೊಸದಾಗಿ ಬಂದ ಹೆಂಗಸರ ಹಿಂದೆ ಬಿದ್ದರೆ, ಆರು ಸಲ ಕಾಯದೆ ಗುಂಪು ಬದಲಿಸಿ.

ಹೋದ ವರ್ಷ ಚಿಕ್ಕಪ್ಪ ಕಣ್ಣಿನ ಆಪರೇಷನ್‌ಗೆ ಬೆಂಗಳೂರಿಗೆ ಬಂದಿದ್ದರು. ಒಂದು ಸಂಜೆ ಅವರನ್ನು ನಮ್ಮ ಮೀಟಿಂಗ್‌ಗೆ ಕರೆದುಕೊಂಡು ಹೋದೆ. ಒಂದೂವರೆ ಗಂಟೆ ಕದಲದೆ ಕೂತು ಕೇಳಿದರು. ಹೊರಗೆ ಬಂದು ಚಪ್ಪಲಿ ಹುಡುಕುತ್ತಾ ಕೇಳಿದರು:

"ಚೆನ್ನಾಗಿದೆ ಕಣೋ. ಆದ್ರೆ ಇವರಿಗೆ ನಿನ್ನ ಹೆಸರು ಗೊತ್ತೇನೋ?"

"ಅರ್ಧ ಗೊತ್ತು."

"ಮನೆ?"

"ಗೊತ್ತಿಲ್ಲ. ಫೋನ್ ಮಾಡ್ತಾರೆ."

"ನೀನು ಎತ್ತದೆ ಹೋದ್ರೆ?"

ನಾನು ಏನೂ ಹೇಳಲಿಲ್ಲ. ಮುಂದಿನ ವಾರ, ನಾಲ್ಕು ವರ್ಷದ ಮೇಲೆ, ಆ ಟೀ ಅಂಗಡಿಯ ಗೆಳೆಯರಿಗೆ ನನ್ನ ಮನೆಯ ಲೊಕೇಶನ್ ಕಳಿಸಿದೆ.